ಗುರುತಕ್ಕನ ಒಂದು ವಾರದ ನಾಯಿ

ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಹರಿಯುತ್ತದೆ, ಬಣ್ಣ ಬಿಡುತ್ತದೆ, ಒಮ್ಮೊಮ್ಮೆ ನನ್ನ ಕೈಯಲ್ಲಿ ಸುಟ್ಟೂ ಹೋಗುತ್ತದೆ, ಆದರೆ ಕಳೆದುಹೋಗುವುದಿಲ್ಲ. ಮೂವತ್ತೊಂದು ವರ್ಷದಿಂದ ಒಂದು ಕರವಸ್ತ್ರವೂ ಕಳೆದಿಲ್ಲ. ಅದಕ್ಕೆ ಕಾರಣ ಗುರುತಕ್ಕ. ಅವಳಿಗೆ ಬೇರೆ ಹೆಸರಿದೆ, ಸಂಬಳದ ಚೀಟಿಯಲ್ಲಿ ಬರುತ್ತದೆ. ಆದರೆ ಆ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರು ಎಂದು ಅವಳೇ ಹಿಂದೆ ತಿರುಗಿ ನೋಡಿಯಾಳು.

ಅವಳ ಕೆಲಸ ಇಷ್ಟು: ಒಗೆಯಲು ಬಂದ ಪ್ರತಿಯೊಂದು ಬಟ್ಟೆಯ ಒಳಮಗ್ಗುಲಲ್ಲಿ, ಕಾಲರಿನ ಕೆಳಗೋ ಅಂಚಿನ ಮೂಲೆಯಲ್ಲೋ, ಕಪ್ಪು ಶಾಯಿಯಲ್ಲಿ ಆ ಮನೆಯ ಗುರುತು ಹಾಕುವುದು. ಮನೆಗೊಂದು ಗುರುತು. ಒಬ್ಬರದು ವೃತ್ತದೊಳಗೆ ಗೆರೆ, ಇನ್ನೊಬ್ಬರದು ಎರಡು ಕೊಕ್ಕೆ, ಮತ್ತೊಬ್ಬರದು ಬಾಣ. ಹೆಸರು ಬರೆಯುವ ಪದ್ಧತಿ ನಮ್ಮಲ್ಲಿಲ್ಲ, ಯಾಕೆಂದರೆ ಹೆಸರು ಉದ್ದ, ಕಾಲರ್ ಚಿಕ್ಕದು. ಆ ಶಾಯಿ ಕುದಿಯುವ ನೀರಿಗೂ ಜಗ್ಗುವುದಿಲ್ಲ, ಸೋಪಿಗೂ ಬಗ್ಗುವುದಿಲ್ಲ. ಬಟ್ಟೆ ಚಿಂದಿಯಾಗಿ ನೆಲ ಒರೆಸಲು ಹೋದ ಮೇಲೂ ಗುರುತು ಹಾಗೇ ಉಳಿದಿರುತ್ತದೆ.

ಸಾವಿರದ ಚಿಲ್ಲರೆ ಗುರುತುಗಳು ಅವಳಿಗೆ ಬಾಯಿಪಾಠ. ಯಾವುದಾದರೂ ಮನೆಯವರು ಊರು ಬಿಟ್ಟರೆ, ಅಥವಾ ಆ ಮನೆಯಲ್ಲಿ ಯಾರೂ ಉಳಿಯದೇ ಹೋದರೆ, ಪುಸ್ತಕದಲ್ಲಿ ಆ ಗುರುತಿನ ಮೇಲೆ ಒಂದು ಗೆರೆ ಎಳೆಯುತ್ತಾಳೆ. ಅದನ್ನು ನಾವು ಸತ್ತ ಗುರುತು ಅನ್ನುತ್ತೇವೆ. ಸತ್ತ ಗುರುತಿನ ಬಟ್ಟೆ ಯಾವ ಮೂಲೆಯಲ್ಲಾದರೂ ಸಿಕ್ಕರೆ ಅದು ಯಾರದ್ದೂ ಅಲ್ಲ, ನೇರ ಒರೆಸುವ ಬಟ್ಟೆಯ ಬುಟ್ಟಿಗೆ. ಇಬ್ಬರು ಗಿರಾಕಿಗಳು ಒಂದೇ ಹೊದಿಕೆ ಹಿಡಿದು ಜಗ್ಗಾಡಿದರೆ ಗುರುತಕ್ಕ ಎದ್ದು ಬಂದು ಮೂಲೆ ಮಡಿಸಿ ನೋಡುತ್ತಾಳೆ, ಯಾರದೋ ಅವರಿಗೆ ಕೊಡುತ್ತಾಳೆ, ಅಲ್ಲಿಗೆ ಮಾತು ಮುಗಿಯಿತು. ಒಬ್ಬರ ವಸ್ತುವಿನ ಮೇಲೆ ಇನ್ನೊಬ್ಬರ ಗುರುತು ಹಾಕುವುದು ನಮ್ಮಲ್ಲಿ ಕದಿಯುವುದಕ್ಕಿಂತ ದೊಡ್ಡ ತಪ್ಪು. ಕದ್ದದ್ದನ್ನು ವಾಪಸ್ ಕೊಡಬಹುದು, ಹಾಕಿದ ಗುರುತನ್ನು ತೆಗೆಯಲು ಬರುವುದಿಲ್ಲ.

ನಾನು ಅವಳ ಎದುರು ಮೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದೇನೆ. ನನಗೆ ಬಾಯಿಬಡಕಿ ಅಂತ ಹೆಸರಿಟ್ಟಿದ್ದಾರೆ, ಇಟ್ಟವರ ತಪ್ಪೇನಿಲ್ಲ. ನಮ್ಮಿಬ್ಬರ ನಡುವೆ ಆದ ಮಾತುಗಳನ್ನು ತಕ್ಕಡಿಗೆ ಹಾಕಿದರೆ ನನ್ನ ತಟ್ಟೆ ನೆಲ ಮುಟ್ಟಿರುತ್ತದೆ, ಅವಳದು ಸೂರಿಗೆ ತಾಗಿರುತ್ತದೆ. ಅವಳು ಕೇಳುತ್ತಾಳೆ, ಹೂಂ ಅನ್ನುತ್ತಾಳೆ, ಪೆನ್ನಿನ ತುದಿಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾಳೆ.

ಅವಳಿರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಅವಳ ಅಪ್ಪ ಇದೇ ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಕೆಲಸದವರ ಮನೆಬಟ್ಟೆಯನ್ನು ಇಲ್ಲಿ ಪುಕ್ಕಟೆ ಒಗೆದುಕೊಡುತ್ತಾರೆ, ಹಾಗಾಗಿ ಅವರ ಮನೆಗೂ ಒಂದು ಗುರುತಿದೆ: ಒಂದು ಅಡ್ಡಗೆರೆ, ಅದರ ಕೆಳಗೆ ಮೂರು ಚುಕ್ಕಿ. ಒಂದು ಕಾಲದಲ್ಲಿ ಆ ಗುರುತಿನಡಿ ನಾಲ್ಕು ಜನರ ಬಟ್ಟೆ ಬರುತ್ತಿತ್ತು. ಮೊದಲು ಅಪ್ಪನ ಅಂಗಿಗಳು ನಿಂತವು, ನಂತರ ಅಮ್ಮನವು. ತಂಗಿ ಮದುವೆಯಾಗಿ ದೂರದ ಊರಿಗೆ ಹೋದಳು. ಈಗ ಗುರುವಾರಕ್ಕೊಮ್ಮೆ ಒಂದು ಪುಟ್ಟ ಗಂಟು: ಮೂರು ಉಡುಪು, ಒಂದು ಹೊದಿಕೆ, ಒಂದು ಟವೆಲ್. ಇಸ್ತ್ರಿ ಮಾಡುವವಳು ನಾನೇ. ಹತ್ತು ನಿಮಿಷವೂ ಹಿಡಿಯುವುದಿಲ್ಲ.

ತಂಗಿ ಭಾನುವಾರ ಪಕ್ಕದ ಅಂಗಡಿಗೆ ಫೋನ್ ಮಾಡುತ್ತಾಳೆ. ಹಿಂದೆ ಮಕ್ಕಳ ಗಲಾಟೆ, ಕುಕ್ಕರಿನ ಸೀಟಿ. ಎರಡು ಮಾತಾಡುವಷ್ಟರಲ್ಲಿ ಅಕ್ಕಾ ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಡುತ್ತಾಳೆ, ಆ ಆಮೇಲೆ ಬರುವುದು ಮುಂದಿನ ಭಾನುವಾರ. ತಂಗಿಯನ್ನು ಬೈಯಲು ನನಗೆ ಯಾವ ಹಕ್ಕೂ ಇಲ್ಲ. ನನ್ನ ಮನೆ ಗುರುತಕ್ಕನ ಕೋಣೆಯಿಂದ ಮೂರೇ ಬೀದಿ ಆಚೆ ಇದೆ, ಈ ಹತ್ತೊಂಬತ್ತು ವರ್ಷದಲ್ಲಿ ಒಂದು ಲೋಟ ಚಹಾಕ್ಕೆ ಕರೆದವಳಲ್ಲ. ಯಾಕೆ ಅಂದರೆ ಹೇಳಲು ಕಾರಣವೇ ಇಲ್ಲ. ಜಗಳವಾಗಿದ್ದರೆ ಕಾರಣವಾದರೂ ಇರುತ್ತಿತ್ತು.

ವರ್ಷಕ್ಕೊಮ್ಮೆ ಬಾಯ್ಲರ್ ಬಿಚ್ಚಿ ತೊಳೆಯಲು ಲಾಂಡ್ರಿಗೆ ಒಂದು ವಾರ ಬೀಗ ಬೀಳುತ್ತದೆ. ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಎಲ್ಲಾದರೂ ಹೋಗುತ್ತೇವೆ, ಬಂದ ಮೇಲೆ ಇನ್ನೊಂದು ವಾರ ಅದನ್ನೇ ಕೊಚ್ಚಿಕೊಳ್ಳುತ್ತೇವೆ. ನೀನೇನು ಮಾಡಿದೆ ಅಕ್ಕಾ ಅಂದರೆ ಪ್ರತಿ ವರ್ಷ ಒಂದೇ ಉತ್ತರ, ಕೋಣೆ ಕ್ಲೀನ್ ಮಾಡಿದೆ ಅಂತ. ಅಷ್ಟು ಚಿಕ್ಕ ಕೋಣೆಯನ್ನು ಏಳು ದಿನ ಹೇಗೆ ಕ್ಲೀನ್ ಮಾಡುತ್ತೀಯ, ಗೋಡೆ ಸವೆದುಹೋಗಲ್ವಾ ಅಂತ ನಾನು ಕಿಚಾಯಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಈಗ ನೆನೆಸಿಕೊಂಡರೆ ಅದು ನಗುವ ಮಾತೇ ಆಗಿರಲಿಲ್ಲ.

ಈ ವರ್ಷ ಬೀಗ ಬೀಳುವುದಕ್ಕೆ ನಾಲ್ಕು ದಿನ ಮುಂಚೆ ಯಜಮಾನರ ಹೆಂಡತಿ ಕೆಲಸದ ಜಾಗಕ್ಕೇ ಇಳಿದು ಬಂದರು. ಅವರನ್ನು ನಾವು ಅಮ್ಮಾವ್ರು ಅನ್ನುತ್ತೇವೆ. ಅವರ ಮನೆಯವರೆಲ್ಲ ಪರದೇಶಕ್ಕೆ ಹೊರಟಿದ್ದರು, ನಾಯಿ ನೋಡಿಕೊಳ್ಳುವವನು ಕೊನೆ ಗಳಿಗೆಯಲ್ಲಿ ಕೈಕೊಟ್ಟಿದ್ದ. ಅವರು ಅತ್ತಿತ್ತ ನೋಡಿ ಸೀದಾ ಗುರುತಕ್ಕನ ಮೇಜಿಗೆ ಹೋದರು.

"ಒಂದು ವಾರ ನಾಯಿ ನೋಡ್ಕೋತೀಯಾ? ನಿನಗೆ ಹೇಗಿದ್ರೂ ಹೋಗೋಕೆ ಎಲ್ಲೂ ಇಲ್ವಲ್ಲ."

ಅವರದು ಕೆಟ್ಟ ಮನಸ್ಸಲ್ಲ. ಬಾಯಿಗೆ ಬಂದದ್ದನ್ನು ಹೇಳಿದರು, ಸುಳ್ಳೂ ಅಲ್ಲ. ಗುರುತಕ್ಕ ಆಗಲಿ ಅಮ್ಮಾ ಅಂದಳು. ಆದರೆ ಅವಳ ಕಿವಿಯ ತುದಿ ಕೆಂಪಗಾದದ್ದನ್ನು ನಾನು ಇಸ್ತ್ರಿಯ ಹಬೆಯ ಆಚೆಯಿಂದಲೂ ಕಂಡೆ.

ಮುಂದಿನದೆಲ್ಲ ಅವಳು ಊಟದ ಹೊತ್ತಿನಲ್ಲಿ ನನಗೆ ಕಂತುಕಂತಾಗಿ ಹೇಳಿದ್ದು. ಶನಿವಾರ ಮಧ್ಯಾಹ್ನ ನಾಯಿ ಬಂತು. ಕಂದುಬಣ್ಣ, ಮೊಣಕಾಲೆತ್ತರ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಖುಷಿಯಾದರೆ ಸೀನುತ್ತಿತ್ತು. ಯಜಮಾನರ ಮನೆಯಲ್ಲಿ ಅದಕ್ಕೆ ನಾಲಿಗೆ ಹೊರಳದಂಥ ಉದ್ದ ಹೆಸರೊಂದನ್ನು ಇಟ್ಟಿದ್ದರು. ಗುರುತಕ್ಕ ಎರಡು ಸಲ ಪ್ರಯತ್ನಪಟ್ಟು ಬಿಟ್ಟಳು, ಮರೀ ಅಂತ ಕರೆದಳು. ಮರಿ ಎದ್ದು ಬಂದು ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಆ ಕೋಣೆಯಲ್ಲಿ ಎಷ್ಟೋ ವರ್ಷದ ನಂತರ ಇನ್ನೊಂದು ಉಸಿರು ಕೇಳುತ್ತಿತ್ತಂತೆ. ಅದನ್ನು ಹೇಳುವಾಗ ಅವಳು ಬುತ್ತಿ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಹೋಗೋಕೆ ಎಲ್ಲೂ ಇಲ್ಲ ಅನ್ನುವ ಮಾತು ಅವಳನ್ನು ಚುಚ್ಚುತ್ತಲೇ ಇತ್ತು. ಭಾನುವಾರ ತಂಗಿಯ ಫೋನು ಬಂದಾಗ, ನಾನು ಸಮುದ್ರದ ಊರಿಗೆ ಹೋಗ್ತಿದ್ದೀನಿ ಅಂದುಬಿಟ್ಟಳು. ತಂಗಿ, ಯಾರ ಜೊತೆ ಅಕ್ಕಾ ಅಂದಳು. ಜೊತೆಗಿದ್ದಾರೆ ಅಂದಳು ಇವಳು. ಹೇಳಿದ ಮೇಲೆ ಹೋಗದೇ ಇರುವ ಹಾಗಿಲ್ಲ. ಪಕ್ಕದ ಅಂಗಡಿಯಿಂದ ಐದು ಲಾಡ್ಜಿಗೆ ಫೋನ್ ಮಾಡಿದಳು, ನಾಯಿ ಅಂದ ಕೂಡಲೇ ಐದೂ ಕಡೆ ಆಗಲ್ಲ ಅಂದರು. ಆರನೆಯ ಲಾಡ್ಜಿನ ಯಜಮಾನಿ ಮಾತ್ರ, ಅಡುಗೆಮನೆ ಪಕ್ಕ ಒಂದು ಸಣ್ಣ ಕೋಣೆ ಇದೆ, ನಾಯಿ ಹಾಸಿಗೆ ಹತ್ತಬಾರದು ಅಂದಳಂತೆ.

ಯಜಮಾನರಿಗೆ ಹೇಳಿ ಹೋಗಬೇಕೆಂದು ಅವಳಿಗೆ ಹೊಳೆಯಲಿಲ್ಲ ಅಂತೇನಿಲ್ಲ. ಹೊಳೆಯಿತು. ಹೇಳಿದರೆ ಬೇಡ ಅಂದಾರು ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಮೂವತ್ತೊಂದು ವರ್ಷದಲ್ಲಿ ಅವಳು ಮಾಡಿದ ಮೊದಲ ಕಳ್ಳತನ ಅದು, ನನ್ನ ಲೆಕ್ಕದಲ್ಲಿ ತೀರಾ ತಡವಾಗಿ ಮಾಡಿದ್ದು.

ರೈಲಿನಲ್ಲಿ ನಾಯಿಗೂ ಟಿಕೆಟ್ ಬೇಕು. ಗಾರ್ಡು ಬಂದು ಇವಳ ಟಿಕೆಟ್ ನೋಡಿದ, ನಾಯಿಯ ಟಿಕೆಟ್ ನೋಡಿದ, ಯಾರ ನಾಯಿ ಇದು ಅಂತ ಕೇಳಿದ. ಸುಮ್ಮನೆ ಕೇಳಿದ್ದು, ಕೇಳುವುದು ಅವನ ಕೆಲಸ. ನಂದು ಅಂದಳು ಗುರುತಕ್ಕ. ಗಾರ್ಡು ತಲೆಯಾಡಿಸಿ ಮುಂದೆ ಹೋದ. ಅಷ್ಟು ಸುಲಭವಾಗಿ ನಂಬಿಬಿಟ್ಟ ಅಂತ ಅವಳಿಗೆ ಎರಡು ನಿಲ್ದಾಣ ದಾಟುವವರೆಗೂ ಆಶ್ಚರ್ಯ.

ಲಾಡ್ಜಿನಲ್ಲಿ ಇನ್ನೊಂದು ಸಲ ಹೇಳಬೇಕಾಯಿತು, ಪುಸ್ತಕದಲ್ಲಿ ಬರೆಯಲೂ ಬೇಕಾಯಿತು. ಅದು ಪ್ರವಾಸಿಗರ ಕಾಲವಲ್ಲ. ತೀರದ ದೊಡ್ಡ ಕೊಡೆಗಳನ್ನೆಲ್ಲ ಮಡಚಿ ಹಗ್ಗ ಕಟ್ಟಿ ಇಟ್ಟಿದ್ದರು, ಮುಕ್ಕಾಲು ಅಂಗಡಿಗಳ ಬಾಗಿಲು ಎಳೆದಿತ್ತು. ಬೆಳಿಗ್ಗೆ ಎದ್ದು ಅವಳು ಮತ್ತು ಮರಿ ತೀರದುದ್ದಕ್ಕೂ ನಡೆದರು. ಅವಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಮರಿ ಪ್ರತಿ ಅಲೆಗೂ ಬೊಗಳಿಕೊಂಡು. ಅಲೆ ಹಿಂದೆ ಸರಿದಾಗಲೆಲ್ಲ ತಾನೇ ಓಡಿಸಿದೆ ಅನ್ನುವ ಜಂಬ ಅದಕ್ಕೆ. ಎರಡು ಸಲ ಸೀನಿ ತಿರುಗಿ ಅವಳ ಮುಖ ನೋಡುತ್ತಿತ್ತಂತೆ.

ಅವಳಿಗೆ ಎಲ್ಲಕ್ಕಿಂತ ಹೊಸದು ಅನ್ನಿಸಿದ್ದು ಜನ ಮಾತಾಡಿಸಿದ್ದು. ಒಂಟಿ ಹೆಂಗಸು ಬೆಂಚಿನ ಮೇಲೆ ಕೂತರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಅವಳಿಗೆ ರೂಢಿ. ನಾಯಿ ಜೊತೆಗಿರುವ ಹೆಂಗಸು ಕೂತರೆ ಎಲ್ಲರಿಗೂ ಮಾತಾಡಿಸಲು ನೆಪ ಸಿಗುತ್ತದೆ. ಎಷ್ಟು ವಯಸ್ಸು, ಏನು ತಿನ್ನುತ್ತೆ, ಆ ಕಿವಿ ಯಾಕೆ ಹಾಗೆ ಅಂತ. ನಿವೃತ್ತ ಮೇಷ್ಟ್ರೊಬ್ಬರು ದಿನಾ ಅದೇ ಬೆಂಚಿಗೆ ಬರಲು ಶುರುಮಾಡಿದರು. ಚಹಾದಂಗಡಿಯವಳು ಒಡೆದ ಬಿಸ್ಕತ್ತುಗಳನ್ನು ತೆಗೆದಿಡತೊಡಗಿದಳು. ಗುರುತಕ್ಕ ಎಲ್ಲದಕ್ಕೂ ಉತ್ತರ ಕಟ್ಟಿದಳು. ಐದು ವರ್ಷ ಆಯ್ತು, ಮರಿ ಇದ್ದಾಗಿನಿಂದ ನನ್ನ ಹತ್ತಿರಾನೇ ಇದೆ, ನಾನು ಕೆಲಸದಿಂದ ಬರೋ ಹೊತ್ತಿಗೆ ಕಿಟಕಿಯಲ್ಲಿ ಕಾಯ್ತಿರುತ್ತೆ. ನಾವು ಅಂತ ಮಾತಾಡಿದಳು. ನಾವು ಬೇಗ ಏಳ್ತೀವಿ, ನಮಗೆ ಬಿಸಿಲು ಆಗಲ್ಲ ಅಂತ. ನನ್ನೆದುರು ಹತ್ತೊಂಬತ್ತು ವರ್ಷ ಹೂಂ ಅಂದವಳು ನಾಲ್ಕೇ ದಿನದಲ್ಲಿ ಅಷ್ಟು ಮಾತಾಡಿದಳಂತೆ, ಸಂಜೆ ಗಂಟಲು ಕಟ್ಟಿಕೊಳ್ಳುತ್ತಿತ್ತಂತೆ. ಕೇಳಿ ನನಗೆ ಹೊಟ್ಟೆಕಿಚ್ಚೂ ಆಯಿತು, ನಾಚಿಕೆಯೂ ಆಯಿತು.

ಐದನೆಯ ದಿನ ಮರಿ ಯಾವುದೋ ಹಕ್ಕಿಯ ಹಿಂದೆ ಓಡಿ ಕಣ್ಮರೆಯಾಯಿತು. ಒಂದು ಗಂಟೆ ಇವಳು ಮರಳಿನಲ್ಲಿ ಮರೀ ಮರೀ ಅಂತ ಕೂಗಿಕೊಂಡು ಓಡಿದಳು. ಮೀನುಬಲೆಗಳ ರಾಶಿಯ ಹಿಂದೆ ಆರಾಮಾಗಿ ಕೂತಿತ್ತಂತೆ ಮಹಾರಾಯ. ಲಾಡ್ಜಿನ ಯಜಮಾನಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. ಕೊರಳಪಟ್ಟಿಯ ಮೇಲೆ ಏನೂ ಬರೆದಿಲ್ಲವಲ್ಲ, ಸಿಕ್ಕಿದವರಿಗೆ ಯಾರದು ಅಂತ ಹೇಗೆ ಗೊತ್ತಾಗಬೇಕು, ನಾಯಿ ಸಾಕುವವರು ಹೀಗಾ ಸಾಕೋದು ಅಂತ.

ಗುರುತಕ್ಕ ಮರಿಯ ಹಗ್ಗ ಹಿಡಿದು ಒಳಗೆ ನಡೆದಳು. ಕೋಣೆಗೆ ಬಂದು ದಪ್ಪ ಬಟ್ಟೆಯ ಆ ಕೊರಳಪಟ್ಟಿಯನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಳು, ಕೈಚೀಲದಿಂದ ಪೆನ್ನು ತೆಗೆದಳು. ಎಲ್ಲಿಗೆ ಹೋದರೂ ಆ ಪೆನ್ನು ಅವಳ ಚೀಲದಲ್ಲೇ. ಬೇರೆ ಯಾರಾದರೂ ಆಗಿದ್ದರೆ ಹೆಸರು, ಬೀದಿ, ಫೋನ್ ನಂಬರ್ ಬರೆಯುತ್ತಿದ್ದರು. ಮೂವತ್ತೊಂದು ವರ್ಷ ಪಳಗಿದ ಕೈ, ಯಾರನ್ನೂ ಕೇಳಲಿಲ್ಲ. ಪಟ್ಟಿಯ ಒಳಮಗ್ಗುಲಲ್ಲಿ ಒಂದು ಅಡ್ಡಗೆರೆ ಎಳೆಯಿತು, ಕೆಳಗೆ ಮೂರು ಚುಕ್ಕಿ ಇಟ್ಟಿತು. ಸಮುದ್ರದ ಊರಿನಲ್ಲಿ ಆ ಗುರುತನ್ನು ಓದಬಲ್ಲವರು ಒಬ್ಬರೂ ಇಲ್ಲ ಅನ್ನುವುದು ಅವಳಿಗೆ ಆಗ ತೋಚಲೇ ಇಲ್ಲ. ಅವಳ ಪಾಲಿಗೆ ಅದೇ ಪೂರ್ತಿ ವಿಳಾಸ.

ಶಾಯಿ ಆರಿದ ಮೇಲೆ ತಿಳಿಯಿತು ಏನು ಮಾಡಿದೆ ಅಂತ. ಯಜಮಾನರ ನಾಯಿಯ ಮೇಲೆ ತನ್ನ ಗುರುತು. ನಲ್ಲಿ ತಿರುಗಿಸಿ ಸೋಪು ಹಚ್ಚಿ ತಿಕ್ಕಿದಳು. ಹೋಗುವುದಿಲ್ಲ ಅಂತ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವಳಿಗೇ, ಆದರೂ ತಿಕ್ಕಿದಳು. ಆಮೇಲೆ ಹಾಸಿಗೆಯ ಮೇಲೆ ಕೂತಳು. ಮರಿ ಹಾಸಿಗೆ ಹತ್ತಿ ಅವಳಿಗೆ ಒತ್ತಿಕೊಂಡು ಮಲಗಿತು, ಅವಳು ಇಳಿಸಲಿಲ್ಲ.

"ಹೆದರಿಕೆ ಆಯ್ತು ಕಣೇ," ಅಂದಳು ನನ್ನ ಹತ್ತಿರ. "ಆದ್ರೆ ಸುಳ್ಳು ಯಾಕೆ ಹೇಳ್ಲಿ, ನೋಡೋಕೆ ಚೆನ್ನಾಗೇ ಕಾಣ್ತಿತ್ತು."

ಊರಿಗೆ ಬಂದು ನಾಯಿ ಒಪ್ಪಿಸಿದಳು. ಯಜಮಾನರ ಗೇಟು ಕಂಡದ್ದೇ ತಡ, ಮರಿ ಹಗ್ಗ ಎಳೆದುಕೊಂಡು ಒಳಗೋಡಿತು. ಇವಳು ಬಾಗಿಲಲ್ಲೇ ನಿಂತಳು. ಅಮ್ಮಾವ್ರಿಗೆ ಬಹಳ ಸಂತೋಷವಾಗಿತ್ತು. ನಾಯಿ ಚುರುಕಾಗಿದೆ, ಬೊಜ್ಜು ಇಳಿದಿದೆ ಅಂತ ಹೊಗಳಿದರು. ಬರುವ ತಿಂಗಳು ಮತ್ತೆ ಹದಿನೈದು ದಿನ ಹೋಗುವುದಿದೆ, ಆಗಲೂ ನೀನೇ ನೋಡ್ಕೋಬೇಕು, ಇನ್ನು ಮುಂದೆ ಬೇರೆ ಯಾರನ್ನೂ ಹುಡುಕೋದೇ ಇಲ್ಲ ಅಂದರು. ಕೊರಳಪಟ್ಟಿಯ ಒಳಮಗ್ಗುಲನ್ನು ಯಾರೂ ನೋಡಲಿಲ್ಲ.

ಆ ತಿಂಗಳು ನಾನು ಕಂಡ ಗುರುತಕ್ಕ ಬೇರೆಯೇ ಹೆಂಗಸು. ಹದಿನೈದು ದಿನದ ರಜೆಗೆ ಅರ್ಜಿ ಬರೆದಳು. ಲಾಡ್ಜಿಗೆ ಪತ್ರ ಹಾಕಿದಳು, ನಾವು ಮತ್ತೆ ಬರ್ತೀವಿ, ಅದೇ ಕೋಣೆ ಇಡಿ ಅಂತ. ಊಟದ ಹೊತ್ತಿನಲ್ಲಿ ತಾನಾಗಿ ಮಾತು ತೆಗೆಯುತ್ತಿದ್ದಳು. ಮೇಷ್ಟ್ರು ಹೇಳಿದ್ದು, ಚಹಾದಂಗಡಿಯವಳು ಹೇಳಿದ್ದು, ಮರಿ ಅಲೆಗೆ ಬೊಗಳಿದ್ದು. ಅವಳು ಮಾತಾಡುವಾಗ ನಾನು ಹೂಂ ಅನ್ನುವುದನ್ನು ಕಲಿತೆ. ಮಾತಿನ ನಡುವೆ ಇದ್ದಕ್ಕಿದ್ದಂತೆ, ಆ ಗುರುತು ಕಂಡರೆ ಮರೀನ ಮತ್ತೆ ಕೊಡ್ತಾರೇನೇ ನನಗೆ ಅಂತ ಕೇಳುತ್ತಿದ್ದಳು. ನಾಯಿಯ ಕೊರಳಪಟ್ಟಿ ತಿರುಗಿಸಿ ನೋಡೋಕೆ ಯಾರಿಗೆ ಪುರುಸೊತ್ತಿದೆ, ಸುಮ್ನೆ ತಲೆ ಕೆಡಿಸ್ಕೋಬೇಡ ಅಂತ ನಾನು ಹೇಳುತ್ತಿದ್ದೆ. ಹೇಳುವಾಗ ನನಗೂ ಧೈರ್ಯವಿರಲಿಲ್ಲ. ಆ ಹದಿನೈದು ದಿನ ಅವಳಿಗೆ ದಕ್ಕಬೇಕು ಅಂತ ಪಟ್ಟಷ್ಟು ಆಸೆಯನ್ನು ನಾನು ನನ್ನ ಸ್ವಂತದ್ದಕ್ಕೂ ಪಟ್ಟವಳಲ್ಲ.

ಯಜಮಾನರ ಮನೆಯವರು ಹೊರಡುವುದಕ್ಕೆ ಆರು ದಿನ ಇತ್ತು. ಮಂಗಳವಾರ, ಬೆಳಗಿನ ಹನ್ನೊಂದು ಗಂಟೆ, ಎಲ್ಲ ಯಂತ್ರಗಳೂ ಓಡುತ್ತಿದ್ದವು. ಅಮ್ಮಾವ್ರು ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಕೊರಳಪಟ್ಟಿ ಹಿಡಿದುಕೊಂಡು ಒಳಗೆ ಬಂದರು. ಮೇಸ್ತ್ರಿ ಓಡಿಹೋಗಿ ಯಂತ್ರ ನಿಲ್ಲಿಸಿದ. ಲಾಂಡ್ರಿಯಲ್ಲಿ ಯಂತ್ರ ನಿಂತರೆ ಹುಟ್ಟುವ ಮೌನ ಬಹಳ ದೊಡ್ಡದು.

ಅಮ್ಮಾವ್ರ ಮುಖ ಬಾಡಿತ್ತು. ನಾಯಿಗೆ ಸ್ನಾನ ಮಾಡಿಸುವಾಗ ಇದು ಕಂಡಿತು ಅಂದರು. ನಾಯಿ ಕಳ್ಳರು ಮೊದಲೇ ನೋಡಿಟ್ಟುಕೊಂಡು ಗುರುತು ಹಾಕಿ ಹೋಗುತ್ತಾರಂತೆ, ಎಲ್ಲೋ ಕೇಳಿದ್ದರು. ಆದರೆ ಶಾಯಿ ನೋಡಿದರೆ ನಮ್ಮ ಲಾಂಡ್ರಿಯದೇ ಅನ್ನಿಸುತ್ತದೆ, ನಮ್ಮವರಲ್ಲೇ ಯಾರಾದರೂ ಸೇರಿಕೊಂಡಿದ್ದಾರಾ ಅಂತ ಹೆದರಿಕೆ. ಗುರುತಕ್ಕನ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ಅವಳ ಮೇಜಿನ ಮೇಲೆಯೇ ಕೊರಳಪಟ್ಟಿ ಇಟ್ಟು, ಇದು ಯಾರ ಮನೆ ಗುರುತು ಅಂತ ಎಲ್ಲರನ್ನೂ ಕೇಳಿದರು. ಲಾಂಡ್ರಿ ಅವರದೇ, ಆದರೆ ಒಂದು ಗುರುತೂ ಅವರಿಗೆ ಗೊತ್ತಿಲ್ಲ.

ಅಲ್ಲಿ ನಾವು ಇಪ್ಪತ್ತೆರಡು ಜನ ಇದ್ದೆವು. ಒಗೆಯುವವರು, ಹಿಂಡುವವರು, ಮಡಿಸುವವರು, ಗಂಟು ಕಟ್ಟುವವರು. ಪ್ರತಿ ಗುರುವಾರ ಆ ಅಡ್ಡಗೆರೆ, ಆ ಮೂರು ಚುಕ್ಕಿ ನಮ್ಮೆಲ್ಲರ ಕೈದಾಟಿ ಹೋಗುತ್ತದೆ. ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈಯಲ್ಲಿದ್ದ ಬಟ್ಟೆ ನೋಡಿಕೊಂಡರು. ಗುರುತಕ್ಕ ಪೆನ್ನು ಹಿಡಿದುಕೊಂಡು ಹಾಗೇ ಕೂತಿದ್ದಳು. ಮರಿಗೆ ಇದೆಲ್ಲ ಏನು ಗೊತ್ತು, ಹಗ್ಗ ಎಳೆದುಕೊಂಡು ಅವಳ ಮೇಜಿನ ಕೆಳಗೆ ನುಸುಳಿ ಎರಡು ಸಲ ಸೀನಿತು.

ನನಗೆ ತಡೆಯಲಾಗಲಿಲ್ಲ. ಬಾಯಿಬಡಕಿ ಅನ್ನಿಸಿಕೊಂಡದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ ಅಂತ ಮುಂದೆ ಬಂದೆ. ಕೊರಳಪಟ್ಟಿಯನ್ನು ಕೈಗೆತ್ತಿಕೊಂಡು, ಕಣ್ಣು ಕಿರಿದು ಮಾಡಿ ನೋಡುವ ನಾಟಕ ಆಡಿದೆ.

"ಇದನ್ನ ಮಾರಿದವರು ನಮ್ಮ ಹಳೇ ದಪ್ಪ ಬಟ್ಟೆ ಚೀಲ ಕತ್ತರಿಸಿ ಮಾಡಿರ್ಬೇಕು ಅಮ್ಮಾ. ಇದು ಸತ್ತ ಗುರುತು. ಈಗ ಯಾರದ್ದೂ ಅಲ್ಲ."

ಮೇಸ್ತ್ರಿ ಹೌದು ಹೌದು ಅಂದ. ಮಡಿಸುವ ಹೆಂಗಸರು ಹೌದೆಂದು ತಲೆಯಾಡಿಸಿದರು. ಹಿಂದಿನಿಂದ ಯಾರೋ, ಆ ಮನೆಯವರು ಎಂದೋ ಹೋದರು ಅಂತಲೂ ಸೇರಿಸಿದರು. ಯಾರೂ ಮುಂಚೆ ಮಾತಾಡಿಕೊಂಡದ್ದಲ್ಲ, ಆದರೂ ಎಲ್ಲರೂ ಒಂದೇ ಸುಳ್ಳಿಗೆ ಹೆಗಲು ಕೊಟ್ಟರು. ನನಗೆ ಹೆಮ್ಮೆಯೇ ಆಯಿತು. ಅಮ್ಮಾವ್ರ ಮುಖ ಸಡಿಲಾಯಿತು. ಅಷ್ಟೇನಾ, ನಾನು ಏನೇನೋ ಅಂದುಕೊಂಡೆ ಅಂತ ನಕ್ಕರು. ಗುರುತಕ್ಕನ ಕಡೆ ತಿರುಗಿ, ಸೋಮವಾರ ಬೆಳಿಗ್ಗೆ ನಾಯಿ ಕಳಿಸ್ತೀನಿ, ಮನೇಲೇ ಇರ್ತೀಯಲ್ಲ ಅಂತ ಕೇಳಿದರು. ಹೂಂ ಅಂದಿದ್ದರೆ ಸಾಕಿತ್ತು. ಹತ್ತೊಂಬತ್ತು ವರ್ಷ ನನಗೆ ಅಂದ ಅದೇ ಒಂದು ಹೂಂ.

ಅವಳು ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಅದು ಸತ್ತ ಗುರುತಲ್ಲ ಅಮ್ಮಾ," ಅಂದಳು. "ನನ್ನದು. ನಾನೇ ಹಾಕಿದ್ದು."

ಅಮ್ಮಾವ್ರಿಗೆ ಮೊದಲು ಅರ್ಥವಾಗಲಿಲ್ಲ. ಗುರುತಕ್ಕ ಎಲ್ಲವನ್ನೂ ಹೇಳಿದಳು, ರೈಲು, ಸಮುದ್ರ, ಲಾಡ್ಜು, ನಾಯಿ ಒಂದು ಗಂಟೆ ತಪ್ಪಿಸಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಬೇಕೆಂದು ಹಾಕಿದ್ದಲ್ಲ ಅಮ್ಮಾ ಅಂದಳು. ಆದರೆ ಹಾಕಿದ ಮೇಲೆ ಬೇಜಾರಾಗಲಿಲ್ಲ ಅಂತಲೂ ಅಂದಳು. ನಾನು ಕಣ್ಣಲ್ಲೇ ಸಾಕು ಸಾಕು ಅನ್ನುತ್ತಿದ್ದೆ, ಅವಳು ನನ್ನ ಕಡೆ ನೋಡಲೇ ಇಲ್ಲ.

ಅಮ್ಮಾವ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಒಂದೆರಡು ದಿನಕ್ಕೆ ಇಳಿದುಹೋಗುತ್ತಿತ್ತು. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ನಾಯಿಗಳನ್ನು ಇಟ್ಟುಕೊಳ್ಳುವ ಜಾಗವೊಂದು ಊರಾಚೆ ಶುರುವಾಗಿದೆ, ಡಾಕ್ಟರೂ ಇದ್ದಾರೆ, ಇನ್ನು ಅಲ್ಲೇ ಬಿಡೋಣ ಅಂತಿದ್ದೀವಿ ಅಂದರು. "ನಿಮಗೆ ಯಾಕೆ ಸುಮ್ನೆ ತೊಂದ್ರೆ," ಅಂದರು. ಅದುವರೆಗೂ ಅವಳನ್ನು ನೀನು ಅನ್ನುತ್ತಿದ್ದವರು ಆವತ್ತು ಮೊದಲ ಸಲ ನೀವು ಅಂದರು. ಹಗ್ಗ ಎಳೆದರು. ಮರಿ ಮೇಜಿನ ಕೆಳಗಿನಿಂದ ಎದ್ದು, ಮೈ ಕೊಡವಿ, ಅವರ ಹಿಂದೆ ಹೋಯಿತು. ಮೇಸ್ತ್ರಿ ಯಂತ್ರ ಹಾಕಿದ. ಸಂಜೆಯವರೆಗೆ ಅವಳು ತಲೆ ಎತ್ತದೆ ಗುರುತು ಹಾಕಿದಳು, ಒಂದೂ ತಪ್ಪಿಲ್ಲ.

ಕೆಲಸ ಬಿಟ್ಟ ಮೇಲೆ ನಾನು ಅವಳ ಹಿಂದೆಯೇ ಓಡಿ ಬಸ್ ನಿಲ್ದಾಣದಲ್ಲಿ ಹಿಡಿದೆ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಎಲ್ಲ ಸರಿಹೋಗಿತ್ತಲ್ಲ ಅಕ್ಕಾ, ಕೈಗೆ ಬಂದಿತ್ತಲ್ಲ, ಹದಿನೈದು ದಿನ ನಿನ್ನ ಜೊತೆಗಿರುತ್ತಿತ್ತಲ್ಲ, ನಾನು ಅಷ್ಟು ಚೆನ್ನಾಗಿ ಮುಚ್ಚಿಹಾಕಿದ್ದನ್ನ ಯಾಕೆ ಬಿಚ್ಚಿದೆ ಅಂತ ರೇಗಿದೆ. ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಅವಳಿಗೆ ನನ್ನ ಮೇಲೆ ಕೋಪವಿರಲಿಲ್ಲ, ಅದು ನನಗೆ ಕಾಣುತ್ತಿತ್ತು.

"ಯಾರದ್ದೂ ಅಲ್ಲ ಅಂದ್ಯಲ್ಲ ನೀನು," ಅಂದಳು. "ಅಷ್ಟು ಜನ ಇದ್ರಿ. ಒಬ್ರಾದ್ರೂ ಅದು ಸತ್ತಿಲ್ಲ ಅಂತೀರೇನೋ ಅಂತ ಕಾದೆ ಕಣೇ. ಎಲ್ರೂ ಹೌದು ಅಂದ್ರಿ."

ನಿನ್ನನ್ನು ಉಳಿಸೋಕೆ ಹಾಗಂದೆವು ಅಂತ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು, ಅವಳ ಪಕ್ಕದ ಸೀಟು ಖಾಲಿ ಇತ್ತು. ಅದು ನನ್ನ ಮನೆಯ ಕಡೆಗೇ ಹೋಗುವ ಬಸ್ಸು, ನಾನೂ ಹತ್ತಬೇಕಿತ್ತು. ಹತ್ತಲಿಲ್ಲ, ಮುಂದಿನ ಬಸ್ಸಿಗೆ ನಿಂತೆ.